ಮುಚ್ಚಳದ ಮೇಲೊಂದು ಎಸಳು ಕರಿಬೇವು

ಡೊಂಬಿವಲಿ ಪೂರ್ವದಲ್ಲಿ, ಮಾನಪಾಡಾ ರಸ್ತೆಯಿಂದ ಒಳಗೆ ಎರಡು ತಿರುವು ದಾಟಿದರೆ ಸಿಗುವ ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ದಮಯಂತಿಯಕ್ಕನ ಮನೆ. ಲಿಫ್ಟ್ ಇಲ್ಲ. ಎಪ್ಪತ್ತೆರಡರ ಮೊಣಕಾಲು ಹತ್ತಿ ಇಳಿಯುವಾಗ ಕಟಕಟ ಅನ್ನುತ್ತದೆ, ಆದರೂ ತರಕಾರಿ ತಾನೇ ಆರಿಸಿ ತರಬೇಕು. ಉಡುಪಿ ಕಡೆಯ ಕಾಪುವಿನ ಹತ್ತಿರದ ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು. ಹತ್ತೊಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದದ್ದು. ಗಂಡ ಲೀಲಾಧರಣ್ಣನದು ಸ್ಟೇಷನ್ ಪಕ್ಕದ ಗಲ್ಲಿಯಲ್ಲಿ ಚಿಕ್ಕ ಸಸ್ಯಾಹಾರಿ ಹೋಟೆಲು, ಎಂಟು ಮೇಜು. ಆ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಲೀಲಾಧರಣ್ಣ ಹೋಗಿ ಹನ್ನೊಂದು ವರ್ಷ.

ದಮಯಂತಿಯಕ್ಕನ ಅಡಿಗೆಮನೆಗೆ ಹೋದವರಿಗೆಲ್ಲ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಒಲೆಯ ಮೇಲಿರುವ ಪಾತ್ರೆಯ ಮುಚ್ಚಳದ ಮೇಲೆ ಒಂದು ಎಸಳು ಕರಿಬೇವು. ಸಾರಿಗೂ ಹಾಗೆ, ಪಲ್ಯಕ್ಕೂ ಹಾಗೆ, ಪಾಯಸ ಬಿಟ್ಟು ಎಲ್ಲದಕ್ಕೂ ಹಾಗೆ. ಎದುರುಮನೆಯ ಮರಾಠಿ ಕಾಕು ಸಕ್ಕರೆ ಕೇಳಲು ಬಂದಾಗೆಲ್ಲ ನಗುವುದುಂಟು.

"ಏನು ತಾಯಿ, ನೀವು ಪಾತ್ರೆಗಳಿಗೂ ಹೂ ಮುಡಿಸ್ತೀರಾ?"

"ಮುಡಿಸಿದ್ರೆ ಚಂದ ಕಾಣ್ತದಲ್ಲ" ಎಂದು ದಮಯಂತಿಯಕ್ಕನೂ ನಗುತ್ತಾಳೆ. ನಿಜ ಸಂಗತಿ ಬೇರೆ. ಉಪ್ಪು ಬಿದ್ದಿದೆ ಎಂಬುದರ ಗುರುತು ಅದು. ಉಪ್ಪು ಹಾಕಿದ ಕೈಯೇ ಎಸಳನ್ನೂ ಇಡಬೇಕು. ಎಸಳು ಇದ್ದರೆ ಮತ್ತೊಬ್ಬರು ಉಪ್ಪಿನ ಡಬ್ಬಿ ಮುಟ್ಟುವ ಹಾಗಿಲ್ಲ. ದಿನದ ಅಡಿಗೆಗೆ ಇದರ ಅಗತ್ಯ ಅಷ್ಟಿಲ್ಲ, ಚಮಚದಲ್ಲಿ ಕೈಗೆ ಹಾಕಿ ನೆಕ್ಕಿ ನೋಡಿದರೆ ಆಯಿತು. ಆದರೆ ದೇವರಿಗೆ, ಹಿರಿಯರಿಗೆ ಬಡಿಸುವ ದಿನ ಎಡೆ ಇಡುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಅಂಥ ದಿನಕ್ಕಾಗಿ ಹುಟ್ಟಿದ ಎಸಳು ಅದು, ಆಮೇಲೆ ನಿತ್ಯದ ಅಭ್ಯಾಸವಾಯಿತು.

ಈ ಮನೆಗೆ ಸೊಸೆಯಾಗಿ ಬಂದವಳು ತೃಪ್ತಿ. ಮಗ ಯೋಗೀಶನ ಹೆಂಡತಿ. ಕಲ್ಯಾಣದ ಒಂದು ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಾಳೆ. ಬೆಳಿಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಮನೆ. ಓದಿನಲ್ಲಿ ಎಲ್ಲಿ ಹೋದರೂ ಮುಂದೆ ಇದ್ದ ಹುಡುಗಿ. ಅಪ್ಪ ಹಾಸಿಗೆ ಹಿಡಿದ ವರ್ಷ ಪಿಎಚ್‌ಡಿ ಕೈಬಿಟ್ಟದ್ದು, ಆಮೇಲೆ ಮದುವೆ, ಬಾಣಂತನ, ಕೆಲಸ ಎಂದು ಹದಿನಾಲ್ಕು ವರ್ಷ ಹೋಯಿತು. ಮಗಳು ಬೋರ್ಡಿಂಗ್ ಶಾಲೆಗೆ ಹೋದ ವರ್ಷ ದಮಯಂತಿಯಕ್ಕನೇ ಒಂದು ದಿನ ಅಕ್ಕಿ ಆರಿಸುತ್ತ ಹೇಳಿದ್ದು: "ಅರ್ಧ ಹೆಣೆದ ಬುಟ್ಟಿ ಮನೆ ಮಾಡಿಗೆ ಸಿಕ್ಕಿಸಿದ ಹಾಗೆ ಇಟ್ಟಿದ್ದಿಯಲ್ಲ, ಅದನ್ನು ಇಳಿಸು ನೋಡುವ."

ತೃಪ್ತಿ ಇಳಿಸಿದಳು. ನಲವತ್ತಕ್ಕೆ ಎರಡು ವರ್ಷ ಬಾಕಿ ಇರುವಾಗ ನವಿ ಮುಂಬೈಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದಳು. ಮಾರ್ಗದರ್ಶನಕ್ಕೆ ಅನಘ ಮೇಡಂ.

ಅವಳ ಕೆಲಸ ಏನು ಎಂಬುದನ್ನು ದಮಯಂತಿಯಕ್ಕ ಊಟದ ಮೇಜಿನಲ್ಲಿ ಕೇಳಿ ಕೇಳಿಯೇ ತಿಳಿದುಕೊಂಡದ್ದು. ಭೂಮಿಯಿಂದ ದೂರ, ಗಾಳಿ ಮೋಡ ಯಾವುದೂ ಇಲ್ಲದ ಜಾಗದಲ್ಲಿ ಒಂದು ದೊಡ್ಡ ದುರ್ಬೀನು ತಿರುಗುತ್ತ ಇರುತ್ತದೆ. ಎರಡೆರಡು ನಿಮಿಷಕ್ಕೆ ಸಾವಿರಾರು ನಕ್ಷತ್ರಗಳ ಬೆಳಕು ಅಳೆದು ಕೆಳಗೆ ಕಳುಹಿಸುತ್ತದೆ. ಆ ಲೆಕ್ಕ ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು, ಬೀಗ ಇಲ್ಲ. ನಕ್ಷತ್ರದ ಎದುರು ಅದರ ಗ್ರಹ ಹಾದುಹೋದರೆ ಬೆಳಕು ಚೂರು ತಗ್ಗುತ್ತದೆ, ಕಿಟಕಿಯ ಹೊರಗೆ ಕಾಗೆ ಹಾರಿದಾಗ ಒಳಗೆ ಗೋಡೆಯ ಮೇಲಿನ ಬಿಸಿಲು ಮಿಸುಕಿದ ಹಾಗೆ. ಆ ತಗ್ಗನ್ನು ಹುಡುಕುವುದು ತೃಪ್ತಿಯ ಕೆಲಸ. ಹುಡುಕುವುದು ಲ್ಯಾಪ್‌ಟಾಪಿನ ಒಂದು ನೋಟ್‌ಬುಕ್ಕಿನಲ್ಲಿ. ಅದರಲ್ಲಿ ಒಂದರ ಕೆಳಗೆ ಒಂದು ಮನೆಗಳು. ಒಂದು ಮನೆಯಲ್ಲಿ ಒಂದು ಅಪ್ಪಣೆ ಬರೆದು ಗುಂಡಿ ಒತ್ತಿದರೆ ಕಂಪ್ಯೂಟರು ಅಷ್ಟು ಕೆಲಸ ಮಾಡಿ ಉತ್ತರವನ್ನೋ ಚಿತ್ರವನ್ನೋ ಅಲ್ಲೇ ಕೆಳಗೆ ಹಾಕುತ್ತದೆ. ಮತ್ತೆ ಮುಂದಿನ ಮನೆ. ಅಪ್ಪಣೆಯೂ ಉತ್ತರವೂ ಒಂದೇ ಹಾಳೆಯಲ್ಲಿ ಇರುವುದರಿಂದ ಯಾರಿಗೆ ಕಳುಹಿಸಿದರೂ ಅವರು ಮೊದಲಿಂದ ಮಾಡಿ ನೋಡಬಹುದು.

ಹೋದ ವರ್ಷ ಅಕ್ಟೋಬರಿನಲ್ಲಿ ತೃಪ್ತಿಗೆ ಒಂದು ತಗ್ಗು ಸಿಕ್ಕಿತು. ಬರಿಯ ನಂಬರಿನ ಹೆಸರಿದ್ದ ಒಂದು ನಕ್ಷತ್ರ. ಒಂಬತ್ತು ದಿನಕ್ಕೊಮ್ಮೆ ಅದರ ಬೆಳಕು ನೂರರಲ್ಲಿ ಒಂದೂವರೆ ಪಾಲು ತಗ್ಗುತ್ತಿತ್ತು. ಅವತ್ತು ಅವಳು ಅಡಿಗೆಮನೆಗೆ ಓಡಿಬಂದು ದಮಯಂತಿಯಕ್ಕನ ಎರಡೂ ಕೆನ್ನೆ ಹಿಂಡಿದ್ದಳು. ಅನಘ ಮೇಡಂಗೆ ಅದೇ ದಿನ ನೋಟ್‌ಬುಕ್ ಮೇಲ್ ಮಾಡಿದಳು. ಮೇಡಂ ಖುಷಿಯಾಗಿ ಒಂದು ಸಮ್ಮೇಳನಕ್ಕೆ ಅದರ ಸಾರಾಂಶ ಕಳುಹಿಸಲು ಹೇಳಿದರು. ಒಂದೂವರೆ ಎಂಬ ಅಂಕಿ ತೃಪ್ತಿಯ ಹೆಸರಿನೊಡನೆ ನಾಲ್ಕು ಜನರ ಕೈಗೆ ಹೋಯಿತು.

ಜನವರಿಯ ಒಂದು ಮಂಗಳವಾರ ಮಧ್ಯಾಹ್ನ ತೃಪ್ತಿ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡದೆ ಸೋಫಾದಲ್ಲಿ ಕೂತಳು. ಚಪ್ಪಲಿ ಹಾಕಿಕೊಂಡು ಒಳಗೆ ಬರುವ ಹುಡುಗಿಯಲ್ಲ. ದಮಯಂತಿಯಕ್ಕ ಚಹಾದ ಪಾತ್ರೆ ಕೆಳಗಿಳಿಸಿ ಬಂದಳು.

"ಎಂತ ಆಯ್ತು? ಟ್ರೇನಿನಲ್ಲಿ ಯಾರಾದ್ರೂ ಎಂತಾದ್ರೂ ಹೇಳಿದ್ರಾ?"

"ಇಲ್ಲ ಮಾಮಿ." ಅತ್ತೆಗೆ ಮಾಮಿ ಅನ್ನುವುದು ಅವರಲ್ಲಿ ರೂಢಿ. "ಯತಿನ್ ಮೇಲ್ ಹಾಕಿದ್ದಾನೆ."

ಯತಿನ್ ಅದೇ ಸಂಸ್ಥೆಯ ಹುಡುಗ, ತೃಪ್ತಿಗಿಂತ ಹದಿಮೂರು ವರ್ಷ ಸಣ್ಣವ, ಪೂರ್ತಿ ಹೊತ್ತಿನ ಸಂಶೋಧಕ. ತೃಪ್ತಿಯ ನೋಟ್‌ಬುಕ್ಕನ್ನು ತನ್ನ ಯಂತ್ರದಲ್ಲಿ ಮೊದಲಿಂದ ಕೊನೆಯವರೆಗೆ ಓಡಿಸಿ ನೋಡಿದ್ದ. ಅವನಿಗೆ ತಗ್ಗು ಬಂದದ್ದು ಒಂದೇ ಪಾಲು. ಒಂದೂವರೆ ಅಲ್ಲ. ಆ ಮೇಲ್‌ನ ಕೊನೆಗೆ ಅನಘ ಮೇಡಂಗೂ ಕಾಣುವ ಹಾಗೆ ಒಂದು ಸಾಲು ಸೇರಿಸಿದ್ದ: ಈ ಒಂದೂವರೆ ನೋಟ್‌ಬುಕ್ಕಿನ ಯಾವ ಮನೆಯಿಂದಲೂ ಹುಟ್ಟುವುದಿಲ್ಲ, ಬೇಕಾದ ಅಂಕಿಯನ್ನು ಕೈಯಿಂದ ಬರೆದಂತಿದೆ.

ತೃಪ್ತಿ ತಾನೂ ಕಾಲೇಜಿನ ಸ್ಟಾಫ್ ರೂಮಿನಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಓಡಿಸಿದ್ದಳು. ಅವಳಿಗೂ ಒಂದೇ ಬಂತು. ಅವಳದೇ ನೋಟ್‌ಬುಕ್ಕು, ಒಂದು ಅಕ್ಷರ ಬದಲಾಗಿಲ್ಲ. ಅಕ್ಟೋಬರಿನಲ್ಲಿ ಒಂದೂವರೆ, ಜನವರಿಯಲ್ಲಿ ಒಂದು.

"ಶುಕ್ರವಾರ ಹನ್ನೊಂದು ಗಂಟೆಗೆ ಬರ್ಲಿಕ್ಕೆ ಮೇಡಂ ಹೇಳಿದ್ದಾರೆ. ಕಾರಣ ಹೇಳಬೇಕು. ಹೇಳ್ಲಿಕ್ಕೆ ಆಗದಿದ್ರೆ ಸಂಸ್ಥೆಯ ಕಮಿಟಿ ನನ್ನ ರಿಜಿಸ್ಟ್ರೇಶನ್ ರದ್ದು ಮಾಡಬಹುದು. ಅದು ಹೋದ್ರೆ ಹೋಗ್ಲಿ ಮಾಮಿ, ಸುಳ್ಳು ಬರೆದವಳು ಅಂತ ಹೆಸರು ಉಳೀತದಲ್ಲ."

ಆರು ಗಂಟೆಗೆ ಯೋಗೀಶ ಐರೋಲಿಯ ಆಫೀಸಿನಿಂದ ಬಂದ. ಸಂಗತಿ ಕೇಳಿ ಶರಟಿನ ಗುಂಡಿ ಬಿಚ್ಚುತ್ತ ಅಂದ: "ಅರೆ, ಇದಕ್ಕೆಲ್ಲ ಯಾಕೆ ಟೆನ್ಶನ್? ಸಾಫ್ಟ್‌ವೇರ್ ಅಪ್‌ಡೇಟ್ ಆಗಿತ್ತು, ಅದಕ್ಕೇ ಬದಲಾಯ್ತು ಅಂತ ಹೇಳಿಬಿಡು. ಕೌನ್ ದೇಖೇಗಾ?"

"ಅವರೇ ನೋಡೋದು. ಅದೇ ಅವರ ಕೆಲಸ" ಎಂದಳು ತೃಪ್ತಿ.

"ಹಾಗಾದ್ರೆ ಆ ಯತಿನನ್ನು ಊಟಕ್ಕೆ ಕರಿ. ಅಮ್ಮನ ನೀರುದೋಸೆ ತಿಂದ್ರೆ ಅವನಿಗೂ ಒಂದೂವರೆ ಕಾಣ್ತದೆ."

ಯಾರೂ ನಗಲಿಲ್ಲ. ಯೋಗೀಶ ಸುಮ್ಮನೆ ಬಚ್ಚಲಿಗೆ ಹೋದ.

ಬುಧವಾರ ತೃಪ್ತಿ ರಜೆ ಹಾಕಿದಳು. ಬೆಳಗಿನ ತಿಂಡಿ ಮುಟ್ಟಲಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ನೋಟ್‌ಬುಕ್ಕಿನ ಒಂದೊಂದೇ ಮನೆ ಓದಿದಳು, ಮತ್ತೆ ಓಡಿಸಿದಳು, ಮತ್ತೆ ಒಂದು. ದಮಯಂತಿಯಕ್ಕ ಎರಡು ಸಲ ಬಂದು ನೋಡಿ ಹೋದಳು. ಮೂರನೇ ಸಲ ತೊಂಡೆಕಾಯಿಯ ತಟ್ಟೆ ಹಿಡಿದು ಪಕ್ಕದಲ್ಲೇ ಕುರ್ಚಿ ಎಳೆದು ಕೂತು ಹೆಚ್ಚಲು ಸುರುಮಾಡಿದಳು.

"ನನಗೇ ನನ್ನ ಕೈ ಮೇಲೆ ಅನುಮಾನ ಬರ್ತಾ ಉಂಟು ಮಾಮಿ" ಎಂದಳು ತೃಪ್ತಿ. "ಅವತ್ತು ಖುಷಿಯಲ್ಲಿ ನಾನೇ ಎಂತಾದ್ರೂ ಬರೆದುಬಿಟ್ಟೆನಾ ಅಂತ."

ದಮಯಂತಿಯಕ್ಕನ ಕತ್ತಿ ನಿಂತಿತು. ಈ ಮಾತನ್ನು ಹೀಗೆಯೇ ಅವಳು ಹಿಂದೆ ಒಮ್ಮೆ ಕೇಳಿದ್ದಳು, ಬೇರೆ ಬಾಯಿಂದ. ಆದರೆ ಅದನ್ನು ಆಗ ಹೇಳಲಿಲ್ಲ. ಕೇಳಿದ್ದು ಬೇರೆ.

"ಇದರಲ್ಲಿ ಎಂತೆಂತ ಮಾಡ್ತಿ, ಒಂದೊಂದೇ ಹೇಳು. ನನಗೆ ತಿಳಿಯುವ ಹಾಗೆ ಹೇಳು."

ಮೊದಲು ಲೆಕ್ಕ ಇಳಿಸಿಕೊಳ್ಳುವುದು. ಆಮೇಲೆ ಕೆಟ್ಟ ಅಂಕಿಗಳನ್ನು ಹೆಕ್ಕಿ ಬಿಸಾಡುವುದು. ತೃಪ್ತಿ ಬೆರಳಿಟ್ಟು ತೋರಿಸುತ್ತ ಕೆಳಗೆ ಬಂದಳು. ಏಳನೇ ಮನೆಗೆ ಬಂದಾಗ ಹೇಳಿದಳು: "ದುರ್ಬೀನಿಗೆ ನಕ್ಷತ್ರದ ಬೆಳಕು ಮಾತ್ರ ಬರುವುದಲ್ಲ ಮಾಮಿ, ಸುತ್ತಲಿನ ಆಕಾಶದ ಬೆಳಕೂ ಸೇರಿ ಬರ್ತದೆ. ಆ ಸುತ್ತಲಿನದ್ದನ್ನು ಇಲ್ಲಿ ಕಳೆಯುವುದು."

"ತುಪ್ಪ ತೂಗುವಾಗ ಪಾತ್ರೆಯ ತೂಕ ಕಳೀತೇವಲ್ಲ, ಹಾಗೆ."

"ಹಾಗೆಯೇ."

"ಎಷ್ಟು ಸಲ ಕಳೆದಿ?"

"ಒಂದೇ ಸಲ. ಇಲ್ಲಿ ನೋಡಿ, ಒಂದೇ ಮನೆ ಉಂಟು."

"ಮನೆ ಒಂದೇ, ಗೊತ್ತಾಯ್ತು. ಗುಂಡಿ ಎಷ್ಟು ಸಲ ಒತ್ತಿದಿ ಅಂತ ಕೇಳಿದ್ದು. ಉಪ್ಪಿನ ಡಬ್ಬಿಯೂ ಒಂದೇ ಇರುವುದು. ಇಬ್ಬರು ಹಾಕಿದ್ರೆ ಎರಡು ಸಲ ಬೀಳ್ತದೆ."

ತೃಪ್ತಿ ಅತ್ತೆಯ ಮುಖ ನೋಡಿದಳು. ಆಮೇಲೆ ಪರದೆ ನೋಡಿದಳು. ಆಮೇಲೆ ಮತ್ತೆ ಅತ್ತೆಯ ಮುಖ.

ಈ ನೋಟ್‌ಬುಕ್ಕಿನ ಒಂದು ಗುಣವೇ ಅದು. ಮನೆಗಳು ಮೇಲಿಂದ ಕೆಳಗೆ ಸಾಲಾಗಿ ಕಂಡರೂ, ಯಾವುದನ್ನು ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ ಒತ್ತಬಹುದು. ಹಿಂದಿನ ಉತ್ತರವನ್ನು ಕಂಪ್ಯೂಟರು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. 'ಇದ್ದದ್ದರಿಂದ ಕಳೆ' ಎಂಬ ಅಪ್ಪಣೆಯ ಗುಂಡಿಯನ್ನು ಎರಡನೇ ಸಲ ಒತ್ತಿದರೆ, ಒಮ್ಮೆ ಕಳೆದು ಉಳಿದದ್ದರಿಂದ ಮತ್ತೊಮ್ಮೆ ಕಳೆಯುತ್ತದೆ. ಹಾಳೆ ನೋಡಿದವರಿಗೆ ಒಂದೇ ಮನೆ, ಒಂದೇ ಅಪ್ಪಣೆ.

"ಅಕ್ಟೋಬರಿನಲ್ಲಿ ನಾನು ಎಷ್ಟು ಸಲ ಒತ್ತಿದೆ ಅಂತ ಈಗ ಹೇಗೆ ನೆನಪಿರ್ತದೆ ಮಾಮಿ?"

"ನನಗೆ ನೆನಪುಂಟು" ಎಂದಳು ದಮಯಂತಿಯಕ್ಕ, ಮೆಲ್ಲಗೆ. ನೆನಪು ಬಂದದ್ದು ಅವಳಿಗೂ ಆ ಕ್ಷಣದಲ್ಲೇ.

ತೃಪ್ತಿಗೆ ಆ ತಗ್ಗು ಸಿಕ್ಕಿದ್ದು ಹೊಸ ಅಕ್ಕಿ ಊಟದ ದಿನ. ಊರಿನಿಂದ ಬಂದ ಹೊಸ ಭತ್ತದ ನಾಲ್ಕು ತೆನೆ ಬಾಗಿಲಿಗೆ ಕಟ್ಟಿ, ಹೊಸ ಅಕ್ಕಿಯ ಅನ್ನ ಮಾಡಿ, ಹಿರಿಯರಿಗೆ ಎಡೆ ಇಟ್ಟು ಆಮೇಲೆ ಮನೆಯವರು ಉಣ್ಣುವ ಹಬ್ಬ. ರಜೆಯ ದಿನ. ತೃಪ್ತಿ ಹಸಿರು ಸೀರೆ ಉಟ್ಟು ಸೆರಗು ಸಿಕ್ಕಿಸಿ ಇದೇ ಮೇಜಿನಲ್ಲಿ ಕೂತಿದ್ದಳು. ಎಡೆಯ ಹೊತ್ತಿಗೆ ಹೆಸರುಕಾಳಿನ ಗಸಿಗೆ ಕಾಯಿ ಸಾಲದೆ ದಮಯಂತಿಯಕ್ಕ ಕೂಗಿದ್ದಳು, ತೃಪ್ತಿ ಒಂದು ಕಾಯಿ ತುರಿದುಕೊಡು ಬಾ, ನನ್ನ ಕೈ ಬಿಡುವಿಲ್ಲ. ತೃಪ್ತಿ ಎದ್ದು ಬಂದು, ಕಾಯಿ ತುರಿದು, ಕೈ ತೊಳೆದು ವಾಪಸು ಹೋಗುವಾಗ ಅಡಿಗೆಮನೆಯ ಬಾಗಿಲಲ್ಲಿ ಗೊಣಗಿದ್ದಳು.

"ಒತ್ತಿದ್ದೆನಾ ಇಲ್ವಾ ಅಂತ ನೀನು ಹೇಳ್ಕೊಂಡು ಹೋದದ್ದು" ಎಂದಳು ದಮಯಂತಿಯಕ್ಕ. "ನಾನು ಗ್ಯಾಸಿನ ಗುಂಡಿ ಅಂತ ತಿಳ್ಕೊಂಡೆ. ಒಲೆ ಉರೀತಾ ಉಂಟು ಮಾರಾಯ್ತಿ ಅಂತ ಹೇಳಿದೆ."

ತೃಪ್ತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. "ಹೌದು. ಹೇಳಿದ್ರಿ. ಹೌದು ಮಾಮಿ."

"ಅಂದ್ರೆ ನಾನೇ ಕರೆದು ಕೆಡಿಸಿದ್ದು."

"ನೀವೆಂತ ಕೆಡಿಸಿದ್ದು! ಆದ್ರೆ ಇದು ನಮ್ಮ ನೆನಪು ಮಾತ್ರ. ನಮ್ಮ ಮಾಮಿಗೆ ನೆನಪುಂಟು ಅಂತ ಕಮಿಟಿಯಲ್ಲಿ ಹೇಳ್ಲಿಕ್ಕಾಗ್ತದಾ?"

"ನಿನ್ನ ಈ ಮನೆಗಳಿಗೆ ಎಸಳು ಇಲ್ವಾ?" ಎಂದು ಕೇಳಿದಳು ದಮಯಂತಿಯಕ್ಕ. "ಒತ್ತಿ ಆಗಿದೆ ಅಂತ ಗುರುತು?"

ಗುರುತು ಇತ್ತು. ತೃಪ್ತಿ ದಿನಾ ನೋಡುತ್ತಿದ್ದಳು, ನೋಡಿ ನೋಡಿ ಕಣ್ಣಿಗೆ ಬೀಳದ ಹಾಗೆ ಆಗಿತ್ತು. ಪ್ರತಿ ಮನೆಯ ಎಡಗಡೆ ಒಂದು ಸಣ್ಣ ಅಂಕೆ. ಎಷ್ಟನೇ ಸಲದ ಒತ್ತುವಿಕೆಯಲ್ಲಿ ಆ ಮನೆ ಓಡಿತು ಎಂಬ ಲೆಕ್ಕ. ಮೊದಲ ಒತ್ತು ಒಂದು, ಮುಂದಿನದು ಎರಡು. ಅದೇ ಮನೆಯನ್ನು ಮತ್ತೆ ಒತ್ತಿದರೆ ಹಳೇ ಅಂಕೆ ಅಳಿಸಿ ಹೊಸ ಅಂಕೆ ಬರುತ್ತದೆ.

ಆದರೆ ಎದುರಿಗಿದ್ದ ನೋಟ್‌ಬುಕ್ಕಿನಲ್ಲಿ ಅಂಕೆಗಳು ಒಂದು, ಎರಡು, ಮೂರು ಎಂದು ಶಿಸ್ತಾಗಿ ನಿಂತಿದ್ದವು. ನಿನ್ನೆಯಿಂದ ಹತ್ತು ಸಲ ಹೊಸದಾಗಿ ಓಡಿಸಿ ಹಳೆಯ ಗುರುತೆಲ್ಲ ಅವಳೇ ಅಳಿಸಿಬಿಟ್ಟಿದ್ದಳು. ತೃಪ್ತಿಯ ಮುಖ ಬಾಡಿತು.

"ಪಾತ್ರೆ ತೊಳೆದಿಟ್ಟ ಮೇಲೆ ಎಸಳು ಹುಡುಕಿದ ಹಾಗಾಯ್ತು ಮಾಮಿ."

"ಅವತ್ತು ಮೇಡಂಗೆ ಕಳಿಸಿದ್ದಿಯಲ್ಲ. ಅವರ ಮನೆಗೆ ಹೋದ ಡಬ್ಬಿ ಯಾರೂ ತೊಳೆದಿರ್ಲಿಕ್ಕಿಲ್ಲ."

ತೃಪ್ತಿ ಮೇಲ್ ತೆರೆದಳು. ಅಕ್ಟೋಬರಿಗೆ ಹೋದಳು. ದಮಯಂತಿಯಕ್ಕ ಕನ್ನಡಕ ತಂದು ಹಾಕಿಕೊಂಡಳು. ಇಂಗ್ಲಿಷ್ ಓದಲು ಬಾರದಿದ್ದರೂ ಅಂಕೆ ಬರುತ್ತಿತ್ತು, ಹೋಟೆಲಿನ ವರ್ಷಗಳಲ್ಲಿ ಕಲಿತದ್ದು. ಇಬ್ಬರೂ ಎಡಗಡೆಯ ಅಂಕೆಗಳನ್ನೇ ನೋಡುತ್ತ ಕೆಳಗೆ ಇಳಿದರು. ನಾಲ್ಕು. ಐದು. ಆರು.

ಎಂಟು.

"ಏಳು ಎಲ್ಲಿ?" ಎಂದಳು ದಮಯಂತಿಯಕ್ಕ.

ಏಳು ಎಲ್ಲಿಯೂ ಇರಲಿಲ್ಲ. ಆರನೇ ಮನೆಗೆ ಆರು, ಏಳನೇ ಮನೆಗೆ ಎಂಟು, ಆಮೇಲೆ ಒಂಬತ್ತು, ಹತ್ತು, ಹನ್ನೊಂದು. ಪಾತ್ರೆಯ ತೂಕ ಕಳೆಯುವ ಆ ಒಂದು ಮನೆ ಮಾತ್ರ ಏಳಾಗಿ ಓಡಿ, ಮತ್ತೆ ಎಂಟಾಗಿ ಓಡಿತ್ತು.

ತೃಪ್ತಿ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಹೊಸ ಪ್ರತಿ ಒಂದನ್ನು ತೆರೆದು ಮೇಲಿನಿಂದ ಒಂದೊಂದೇ ಒತ್ತುತ್ತ ಬಂದಳು. ಏಳನೇ ಮನೆಯಲ್ಲಿ ಬೇಕೆಂದೇ ಎರಡು ಸಲ ಒತ್ತಿದಳು. ಕೊನೆಯ ಮನೆಯ ಉತ್ತರ ಬಂತು. ಒಂದೂವರೆ. ಚುಕ್ಕಿಯ ಆಚೆಗಿನ ನಾಲ್ಕು ಅಂಕೆಗಳೂ ಅಕ್ಟೋಬರಿನದ್ದೇ.

ಅವಳು ಕುರ್ಚಿಯ ಬೆನ್ನಿಗೆ ತಲೆ ಹಾಕಿ ಕಣ್ಣು ಮುಚ್ಚಿದಳು. ನಿನ್ನೆಯಿಂದ ಬಿಗಿಹಿಡಿದಿದ್ದ ಹೆಗಲು ಇಳಿಯುವುದು ದಮಯಂತಿಯಕ್ಕನಿಗೆ ಕಾಣಿಸಿತು.

"ತುಪ್ಪ ಮೂರು ಸೇರು, ಪಾತ್ರೆ ಒಂದು ಸೇರು ಅಂತ ಇಟ್ಕೊಳ್ಳಿ ಮಾಮಿ" ಎಂದಳು, ಕಣ್ಣು ತೆರೆಯದೆ. "ಪಾತ್ರೆಯ ತೂಕ ಎರಡು ಸಲ ಕಳೆದ್ರೆ ತುಪ್ಪ ಎರಡೇ ಸೇರು ಅಂತ ಕಾಣ್ತದೆ. ಆ ಎರಡರಲ್ಲಿ ಒಂದು ಚಮಚ ತೆಗೆದ್ರೆ, ಮೂರರಲ್ಲಿ ತೆಗೆದದ್ದಕ್ಕಿಂತ ಹೆಚ್ಚು ತೆಗೆದ ಹಾಗೆ ಕಾಣ್ತದೆ. ಅಷ್ಟೇ. ಗ್ರಹ ದೊಡ್ಡದಿರಲಿಲ್ಲ, ನಕ್ಷತ್ರವನ್ನೇ ನಾನು ಸಣ್ಣ ಮಾಡಿಬಿಟ್ಟಿದ್ದೆ."

"ತಗ್ಗು ಉಂಟಲ್ಲ?"

"ತಗ್ಗು ಉಂಟು. ಒಂದು ಪಾಲು. ಅದು ಯತಿನನ ಯಂತ್ರದಲ್ಲೂ ಉಂಟು."

"ಹಾಗಾದ್ರೆ ಎದ್ದು ಊಟ ಮಾಡು."

ಊಟದ ನಡುವೆ ತೃಪ್ತಿಗೆ ಮತ್ತೊಂದು ಯೋಚನೆ ಹತ್ತಿತು. ಅನ್ನ ಕಲಸುತ್ತ ಹೇಳಿದಳು, ಇದನ್ನು ಹೇಳಿದರೆ ಅಷ್ಟು ಜನರ ಎದುರು ದಡ್ಡಿ ಎನಿಸಿಕೊಳ್ಳಬೇಕು. ಮೊದಲ ವರ್ಷದ ಮಕ್ಕಳು ಮಾಡುವ ತಪ್ಪು. ನಲವತ್ತೊಂದಾದರೂ ಇಷ್ಟು ಗೊತ್ತಿಲ್ಲವಾ ಅನ್ನುತ್ತಾರೆ. ಯೋಗೀಶ ಹೇಳಿದ ಹಾಗೆ ಅಪ್‌ಡೇಟಿನ ಮೇಲೆ ಹಾಕಿದರೆ ಮರ್ಯಾದೆಯಾದರೂ ಉಳಿಯುತ್ತದೇನೋ.

ದಮಯಂತಿಯಕ್ಕ ಆಗ ದೇಜಪ್ಪನ ಕತೆ ಹೇಳಿದಳು. ಈ ಮನೆಯಲ್ಲಿ ಎಸಳು ಎಲ್ಲರಿಗೂ ಗೊತ್ತಿತ್ತು, ಅದು ಹುಟ್ಟಿದ್ದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಯೋಗೀಶ ಆಗ ಒಂದೂವರೆ ವರ್ಷದ ಮಗು. ಹೋಟೆಲಿನ ಭಟ್ಟಿಯಲ್ಲಿ ದೇಜಪ್ಪ ಎಂಬ ಬೆಳ್ಮಣ್ಣಿನ ಕಡೆಯ ಅಡಿಗೆಯವ, ಬಾಯಿ ಕಡಿಮೆ, ಕೈ ಚುರುಕು. ಒಂದು ಭಾನುವಾರ ಊರಿನವರ ಸಂಘದ ಪೂಜೆಗೆ ಮುನ್ನೂರು ಜನರ ಊಟ. ದೇವಿಗೆ ಎಡೆ ಆಗುವವರೆಗೆ ರುಚಿ ನೋಡುವ ಹಾಗಿಲ್ಲ. ದಮಯಂತಿಯಕ್ಕ ಸಾಂಬಾರಿನ ಹಂಡೆಗೆ ಉಪ್ಪು ಸುರಿದಳು, ಅಷ್ಟರಲ್ಲಿ ಮಗು ಅತ್ತಿತೆಂದು ಹಿಂದಿನ ಕೋಣೆಗೆ ಹೋದಳು. ದೇಜಪ್ಪ ಬಂದು ತನ್ನ ಲೆಕ್ಕದ ಉಪ್ಪು ಸುರಿದ. ಊಟಕ್ಕೆ ಕೂತ ಮೊದಲ ಪಂಕ್ತಿಯೇ ಎಲೆ ಬಿಟ್ಟು ಎದ್ದಿತು. ಎರಡು ದಿನ ಮೊದಲು ದೇಜಪ್ಪ ಊರಿಗೆ ಹೋಗಲು ರಜೆ ಕೇಳಿದ್ದ, ಲೀಲಾಧರಣ್ಣ ಕೊಟ್ಟಿರಲಿಲ್ಲ. ಆ ಸಿಟ್ಟಿಗೆ ಬೇಕೆಂದೇ ಕೆಡಿಸಿದ್ದಿ ಎಂದು ಲೀಲಾಧರಣ್ಣ ಎಲ್ಲರೆದುರು ಬೈದ. ದೇಜಪ್ಪ ಚೀಲ ತೆಗೆದುಕೊಂಡು ಹೋದ.

"ನನಗೆ ಗೊತ್ತಿತ್ತು" ಎಂದಳು ದಮಯಂತಿಯಕ್ಕ. "ಅವರು ಬೈಯುವಾಗಲೇ ಗೊತ್ತಿತ್ತು. ನನ್ನ ಕೈಯಲ್ಲಿ ಮಗು ಇತ್ತು, ಬಾಯಿ ಬರ್ಲಿಲ್ಲ. ಒಂದು ದಿನ ಹೋಯ್ತು, ಎರಡು ದಿನ ಹೋಯ್ತು. ಮೂರು ದಿನ ನನಗೆ ಅನ್ನ ಇಳೀಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅವರಿಗೆ ಚಹಾ ಕೊಡುವಾಗ ಹೇಳಿದೆ, ಉಪ್ಪು ನಾನೂ ಹಾಕಿದ್ದೆ ಅಂತ."

"ಮಾವ ಎಂತ ಹೇಳಿದ್ರು?"

"ಒಂದು ಮಾತು ಹೇಳ್ಲಿಲ್ಲ. ಚಹಾ ಅರ್ಧಕ್ಕೇ ಇಟ್ರು. ಶರಟು ಹಾಕಿ ಉಲ್ಹಾಸನಗರಕ್ಕೆ ಹೋದ್ರು, ಅಲ್ಲಿ ಯಾವುದೋ ಫರಸಾಣಿನ, ಕುರುಕು ತಿಂಡಿಯ ಅಂಗಡಿಯ ಹಿಂದೆ ದೇಜಪ್ಪ ಶೇವು ಕರೀತಾ ಇದ್ದನಂತೆ. ಮಧ್ಯಾಹ್ನದ ಗಾಡಿಯಲ್ಲಿ ಇಬ್ಬರೂ ಬಂದ್ರು. ದೇಜಪ್ಪ ನನ್ನ ಹತ್ರ ಎಂತ ಹೇಳಿದ ಗೊತ್ತುಂಟಾ? ಅಕ್ಕ, ನೀವು ಹೇಳಿದ್ದು ಒಳ್ಳೇದಾಯ್ತು, ನನಗೇ ನನ್ನ ಕೈ ಮೇಲೆ ಅನುಮಾನ ಬಂದುಬಿಟ್ಟಿತ್ತು ಅಂತ. ಅವನೇ ಅವತ್ತು ಹಂಡೆಯ ಮುಚ್ಚಳದ ಮೇಲೆ ಮೊದಲ ಎಸಳು ಇಟ್ಟದ್ದು."

ತೃಪ್ತಿ ತಟ್ಟೆಯ ಅನ್ನ ಮುಗಿಸಿದಳು. ಆಮೇಲೆ ಮಜ್ಜಿಗೆಗೆ ಕೈ ಚಾಚಿದಳು. "ಇದ್ದ ಹಾಗೇ ಹೇಳ್ತೇನೆ ಮಾಮಿ."

ಶುಕ್ರವಾರ ದಮಯಂತಿಯಕ್ಕನೂ ಹೊರಟಳು. ಬೇಡ ಎಂದು ಯೋಗೀಶ ಹೇಳಿದ, ಮೊಣಕಾಲು ನೋಡು ಎಂದ. "ನಾನು ಕಾಯಿ ತುರೀಲಿಕ್ಕೆ ಕರೆದವಳು, ಸಾಕ್ಷಿಗೆ ನಾನು ಬೇಡ್ವಾ?" ಎಂದು ಅವಳು ಚಪ್ಪಲಿ ಮೆಟ್ಟಿದಳು. ಡಬ್ಬಿಯಲ್ಲಿ ಬೆಲ್ಲ ಕಾಯಿ ಹಾಕಿದ ಅವಲಕ್ಕಿ.

ಒಂಬತ್ತರ ಲೋಕಲಿನಲ್ಲಿ ಹೆಂಗಸರ ಬೋಗಿಗೆ ಹತ್ತಿದ ಇಬ್ಬರಲ್ಲಿ ದಮಯಂತಿಯಕ್ಕನಿಗೆ ಯಾರೋ ಪುಣ್ಯಾತ್ಗಿತ್ತಿ ಜಾಗ ಬಿಟ್ಟುಕೊಟ್ಟಳು. ತೃಪ್ತಿ ಲ್ಯಾಪ್‌ಟಾಪಿನ ಚೀಲವನ್ನು ಮಗುವಿನ ಹಾಗೆ ಎದೆಗವಚಿ ನಿಂತಿದ್ದಳು. ಮುಂಬ್ರಾದ ಗುಡ್ಡ ಬಂತು, ಖಾಡಿಯ ಹಿನ್ನೀರು ಬಂತು. ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ವಾಶಿಯ ಗಾಡಿ. ಕೋಪರಖೈರಣೆಯಲ್ಲಿ ಇಳಿದು ರಿಕ್ಷಾ.

ತೃಪ್ತಿ ಒಳಗೆ ಹೋದಳು. ದಮಯಂತಿಯಕ್ಕ ಕ್ಯಾಂಟೀನಿನಲ್ಲಿ ಕೂತಳು. ಸುಮ್ಮನೆ ಕೂರುವುದು ಹೇಗೆಂದು ಒಂದು ಇಡ್ಲಿ ಸಾಂಬಾರು ತರಿಸಿದಳು. ಸಾಂಬಾರಿಗೆ ಉಪ್ಪು ಒಂದೇ ಸಲ ಬಿದ್ದಿತ್ತು, ಬೇಳೆ ಮಾತ್ರ ಬಿದ್ದ ಹಾಗೆ ಇರಲಿಲ್ಲ. ಗಡಿಯಾರದಲ್ಲಿ ಹನ್ನೊಂದೂಕಾಲು. ಹನ್ನೊಂದೂವರೆ. ಒಳಗೆ ಏನು ಕೇಳುತ್ತಿರಬಹುದು, ಈ ಹುಡುಗಿ ಅಳದೆ ಹೇಳಿಯಾಳಾ? ಹನ್ನೆರಡಾದಾಗ ಇಡ್ಲಿ ಹಾಗೇ ಇತ್ತು. ದೇಜಪ್ಪನನ್ನು ಕರೆದುಕೊಂಡು ಗಂಡ ಬರುವ ಗಾಡಿಗಾಗಿ ಹೋಟೆಲಿನ ಬಾಗಿಲಲ್ಲಿ ನಿಂತ ಮಧ್ಯಾಹ್ನವೂ ಇಷ್ಟೇ ಉದ್ದ ಇತ್ತು.

ಹನ್ನೆರಡೂ ಹತ್ತಕ್ಕೆ ಮೂವರು ಬಂದರು. ಮುಂದೆ ತೃಪ್ತಿ, ಹಿಂದೆ ತೆಳ್ಳಗಿನ ಒಬ್ಬ ಹುಡುಗ, ಅವನ ಹಿಂದೆ ನರೆತ ಕೂದಲನ್ನು ಗಂಟು ಹಾಕಿದ ಹೆಂಗಸು. ತೃಪ್ತಿಯ ಕಣ್ಣು ಕೆಂಪಾಗಿತ್ತು. ದಮಯಂತಿಯಕ್ಕ ಕುರ್ಚಿ ಬಿಟ್ಟು ಎದ್ದಳು. ಆದರೆ ತೃಪ್ತಿಯ ಬಾಯಿ ನಗುತ್ತಿತ್ತು.

"ನೀವೇನಾ ಎಸಳು ಇಡುವವರು?" ಎಂದರು ಅನಘ ಮೇಡಂ, ಕನ್ನಡದಲ್ಲೇ. "ನಮ್ಮ ಅಜ್ಜಿಯೂ ಉಡುಪಿಯವರು. ಆದ್ರೆ ಈ ಬುದ್ಧಿ ಅವರಿಗೆ ಬಂದಿರಲಿಲ್ಲ. ನೈವೇದ್ಯದ ದಿನ ನಾವು ಮೂರು ಸಲ ಉಪ್ಪು ತಿಂದದ್ದುಂಟು."

"ಇವಳಿಗೆ ಎಂತ ಆಯ್ತು ಮೇಡಂ? ಅದು ಹೇಳಿ ಮೊದಲು."

"ಎಂತ ಆಗ್ಲಿಕ್ಕೂ ಇಲ್ಲ. ರಿಜಿಸ್ಟ್ರೇಶನ್ ಹಾಗೇ ಮುಂದುವರೀತದೆ. ಸಾರಾಂಶದ ಅಂಕಿ ತಿದ್ದಿ ಕಳಿಸ್ತೇವೆ, ತಪ್ಪು ಹೇಗಾಯ್ತು ಅಂತಲೂ ಬರೆದೇ ಕಳಿಸ್ತೇವೆ. ತಪ್ಪು ಯಾರಿಗೂ ಆಗ್ತದೆ. ತಪ್ಪಿನ ಮನೆಯ ನಂಬರು ಸಮೇತ ತಂದು ಮೇಜಿನ ಮೇಲೆ ಇಡುವವರು ಕಡಿಮೆ."

"ಗ್ರಹ?"

"ಗ್ರಹ ಅಂತ ಹೇಳ್ಲಿಕ್ಕೆ ಇನ್ನೂ ಹತ್ತು ಪರೀಕ್ಷೆ ಉಂಟು. ತಗ್ಗು ಮಾತ್ರ ನಿಜ."

ಹುಡುಗ ಹಿಂದೆ ನಿಂತು ಕಿವಿ ತುರಿಸಿಕೊಳ್ಳುತ್ತಿದ್ದ. ಅವನೇ ಯತಿನ್. ತೃಪ್ತಿ ಅವನದೇ ಯಂತ್ರದಲ್ಲಿ ಏಳನೇ ಮನೆಯನ್ನು ಅವನ ಬೆರಳಿನಿಂದಲೇ ಎರಡು ಸಲ ಒತ್ತಿಸಿದ್ದಳಂತೆ. ಒಂದೂವರೆ ಬಂದದ್ದು ನೋಡಿ ಅವನಿಗೆ ತನ್ನ ಮೇಲೆಯೇ ಸಂಶಯ ಹತ್ತಿ, ಅಲ್ಲೇ ತನ್ನ ಹಳೇ ನೋಟ್‌ಬುಕ್ಕುಗಳನ್ನು ತೆರೆದು ನೋಡಿದ. ಒಂದರಲ್ಲಿ ಹನ್ನೆರಡು ಆದ ಮೇಲೆ ನೇರ ಹದಿನೈದು ಇತ್ತು.

"ಸಾರಿ ಆಜಿ" ಎಂದ ಮರಾಠಿಯಲ್ಲಿ. "ಆ ಕೊನೆಯ ಸಾಲು ನಾನು ಬರೆಯಬಾರದಿತ್ತು. ತೃಪ್ತಿಯಕ್ಕನಿಗೂ ಹೇಳಿದೆ."

ದಮಯಂತಿಯಕ್ಕ ಅವಲಕ್ಕಿಯ ಡಬ್ಬಿ ಬಿಚ್ಚಿ ಅವನ ಮುಂದೆ ಸರಿಸಿದಳು. "ತಿನ್ನು. ಇದಕ್ಕೆ ಉಪ್ಪು ಹಾಕುವ ಕ್ರಮ ಇಲ್ಲ, ಹೆದರಬೇಡ." ತೃಪ್ತಿ ಅದನ್ನು ಅವನಿಗೆ ಮರಾಠಿಯಲ್ಲಿ ಹೇಳಿದಾಗ ಮೇಡಂ ಕೂಡ ಕೈ ಹಾಕಿದರು.

ವಾಪಸು ಬರುವಾಗ ಗಾಡಿ ಖಾಲಿ ಇತ್ತು. ತೃಪ್ತಿ ಕಿಟಕಿಯ ಪಕ್ಕ ಕೂತವಳು ಠಾಣೆಯಿಂದ ಡೊಂಬಿವಲಿಯವರೆಗೆ ಅತ್ತೆಯ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ದಮಯಂತಿಯಕ್ಕನ ಕೈಗೆ ಜುಮ್ಮು ಹಿಡಿಯಿತು, ಆದರೂ ಅಲುಗಾಡಲಿಲ್ಲ.

ಮರುದಿನ ಶನಿವಾರ. ತೃಪ್ತಿ ತನ್ನ ನೋಟ್‌ಬುಕ್ಕಿನ ಏಳನೇ ಮನೆಗೆ ಎರಡು ಸಾಲು ಹೊಸದಾಗಿ ಸೇರಿಸಿದ್ದಳು. ಒಮ್ಮೆ ಕಳೆದಾಗಿದ್ದರೆ ಎರಡನೇ ಸಲ ಕಳೆಯದೆ ಅದು ಅಲ್ಲೇ ನಿಲ್ಲುತ್ತದೆ. ಅದನ್ನು ತೋರಿಸಲು ಲ್ಯಾಪ್‌ಟಾಪ್ ಹಿಡಿದು ಅಡಿಗೆಮನೆಗೇ ಬಂದಳು. ದಮಯಂತಿಯಕ್ಕ ಒಲೆಯ ಮುಂದೆ ನಿಂತಿದ್ದಳು, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಉಪ್ಪಿನ ಡಬ್ಬಿ. ಸಾರು ಕುದಿಯುತ್ತಿತ್ತು. ಪಕ್ಕದಲ್ಲಿಟ್ಟ ಮುಚ್ಚಳದ ಮೇಲೆ ಎಸಳು ಇರಲಿಲ್ಲ. ಕೆಳಗೆ ನೆಲದ ಮೇಲೆ ಒಂದು ಎಸಳು ಬಿದ್ದಿತ್ತು.

"ಎಂತ ಮಾಮಿ?"

"ಹಾಕಿದ್ದೆನಾ ಇಲ್ವಾ ಅಂತ" ಎಂದಳು ದಮಯಂತಿಯಕ್ಕ. "ಎಸಳು ಮುಚ್ಚಳದಿಂದ ಜಾರಿ ಬಿದ್ದದ್ದಾ, ಒಗ್ಗರಣೆಗೆ ತೆಗೆಯುವಾಗ ಬಿದ್ದದ್ದಾ ಗೊತ್ತಾಗ್ತಾ ಇಲ್ಲ. ಎರಡು ದಿನದಿಂದ ನಿನ್ನ ಖುಷಿಯಲ್ಲಿ ನನ್ನ ತಲೆ ಎಲ್ಲಿಯೋ ಉಂಟು."

ಇಬ್ಬರೂ ಸಾರಿನ ಪಾತ್ರೆಯನ್ನು ನೋಡುತ್ತ ನಿಂತರು. ತೃಪ್ತಿಗೆ ಮೊದಲು ನಗು ಬಂತು.

"ಇವತ್ತು ಯಾವ ಹಬ್ಬ ಮಾಮಿ?"

"ಯಾವ ಹಬ್ಬವೂ ಇಲ್ಲ. ಬರೀ ಶನಿವಾರ."

"ಎಡೆ ಇಡ್ಲಿಕ್ಕಿಲ್ಲವಲ್ಲ. ಹಾಗಾದ್ರೆ ನೆಕ್ಕಿ ನೋಡಿ!"

ದಮಯಂತಿಯಕ್ಕ ಸೌಟಿನಿಂದ ಅಂಗೈಗೆ ಎರಡು ಹನಿ ಹಾಕಿ ನೆಕ್ಕಿದಳು. ಮುಖ ಹಿಂಡಿದಳು. ಉಪ್ಪು ಬಿದ್ದೇ ಇರಲಿಲ್ಲ. ನಗುತ್ತಲೇ ಒಂದು ಚಮಚ ಹಾಕಿ ತಿರುವಿದಳು, ಬಗ್ಗಲಾರದೆ, ಇವತ್ತು ಎಸಳು ನೀನೇ ಇಡು ಎಂದು ಸೊಸೆಗೆ ಕಣ್ಣಲ್ಲೇ ಹೇಳಿದಳು. ತೃಪ್ತಿ ಲ್ಯಾಪ್‌ಟಾಪನ್ನು ಬಗಲಲ್ಲಿ ಇಟ್ಟುಕೊಂಡು ನೆಲದ ಮೇಲಿದ್ದ ಎಸಳನ್ನು ಹೆಕ್ಕಿ, ನೀರಿನಲ್ಲಿ ತೊಳೆದು, ಪಾತ್ರೆಗೆ ಮುಚ್ಚಳ ಹಾಕಿ ಅದರ ಮೇಲೆ ಇಟ್ಟಳು.